ನಗರಸಭೆ ಜಾಗ ಹರಾಜು: ಯಾವ ಕಾಗದ ಕೇಳಬೇಕು?

ಪ್ರಶ್ನೆ (ಚಿಕ್ಕಬಳ್ಳಾಪುರ ಜಿಲ್ಲೆಯ ಸದಸ್ಯರು):
ನಮಸ್ಕಾರ ಸಾರ್. ನಮ್ಮೂರ ನಗರಸಭೆಯವರು ಬಸ್ ನಿಲ್ದಾಣದ ಹಿಂದಿನ 60×80 ಅಡಿ ಖಾಲಿ ಜಾಗ ಹರಾಜಿಗೆ ಇಟ್ಟಿದ್ದಾರೆ. ಇನ್ನು 12 ದಿನ ಇದೆ. ಪ್ರಕಟಣೆಯಲ್ಲಿ ಸರ್ವೆ ನಂಬರೂ ಇಲ್ಲ, ಚಕ್ಕುಬಂದಿಯೂ (ನಾಲ್ಕು ಕಡೆಯ ಗಡಿ ವಿವರ) ಇಲ್ಲ. ಕೇಳಿದರೆ "ಕೌನ್ಸಿಲ್‌ನಲ್ಲಿ ಪಾಸಾಗಿದೆ" ಅಂತಾರೆ. ಅಷ್ಟಿದ್ದರೆ ಸಾಕಾ?

ಉತ್ತರ (ವಕೀಲರು):
ಸಾಲದು. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 72ನೇ ಕಲಂ ನೋಡಿ. ಆಸ್ತಿ ಮಾರಲು ಕೌನ್ಸಿಲ್‌ಗೆ ಅಧಿಕಾರ ಇದೆ, ಆದರೆ ಇಂಥ ಬೆಲೆಬಾಳುವ ಸ್ಥಿರಾಸ್ತಿಗೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. "ಪೂರ್ವ" ಅನ್ನುವುದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹರಾಜು ಮುಗಿಸಿ ಆಮೇಲೆ ಪ್ರಸ್ತಾವ ಕಳಿಸುವ ಕಡತಗಳೇ ವ್ಯಾಜ್ಯಕ್ಕೆ ಸಿಕ್ಕಿಕೊಳ್ಳುವುದು. ಆದ್ದರಿಂದ ಮೊದಲು ತಾರೀಖುಗಳನ್ನು ಜೋಡಿಸಿ: ಸಭೆಯ ತಿಳಿವಳಿಕೆ ಪತ್ರ, ಕಾರ್ಯಸೂಚಿ, ಠರಾವು, ಮೌಲ್ಯಮಾಪನ ವರದಿ, ಸರ್ಕಾರದ ಆದೇಶ, ಪತ್ರಿಕಾ ಪ್ರಕಟಣೆ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ" ಅಂತ ಕೊನೆಯಲ್ಲಿ ನುಸುಳಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ.

ಜಾಗದ ಮೂಲವನ್ನೂ ಕೇಳಿ. ಅನುಮೋದಿತ ಬಡಾವಣೆ ನಕ್ಷೆಯಲ್ಲಿ ಅದು ಉದ್ಯಾನವೋ, ಸಿ.ಎ. ನಿವೇಶನವೋ (ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ) ಆಗಿದ್ದರೆ ಪ್ರಶ್ನೆಯೇ ಬೇರೆ. ಬೆಂಗಳೂರಿನಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ, ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ, ಒಪ್ಪಲಿಲ್ಲ. ಆ ಮಾತು ಇವತ್ತಿಗೂ ನಿಂತಿದೆ.

ಪ್ರಶ್ನೆ (ಅದೇ ಸದಸ್ಯರು):
ಆರ್‌ಟಿಐ ಹಾಕಿದರೆ 30 ದಿನ ಬೇಕಲ್ಲ ಸಾರ್? 48 ಗಂಟೆಯೊಳಗೆ ಕೊಡಬೇಕು ಅಂತಲೂ ಕೇಳಿದ್ದೀವಿ.

ಉತ್ತರ (ವಕೀಲರು):
48 ಗಂಟೆ ಅನ್ನುವುದು ಪ್ರಾಣ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಗೆ ಮಾತ್ರ. ಹರಾಜಿಗೆ ಅನ್ವಯಿಸಲ್ಲ. ನೀವು ಎರಡು ಅರ್ಜಿ ಒಂದೇ ದಿನ ಕೊಡಿ.

ಒಂದು, ಜಿಲ್ಲಾಧಿಕಾರಿಗಳಿಗೆ ಆಕ್ಷೇಪಣೆ. ಕಾನೂನುಬಾಹಿರ ಠರಾವಿನ ಜಾರಿಯನ್ನು ತಡೆಹಿಡಿಯುವ ಅಧಿಕಾರ ಅದೇ ಕಾಯ್ದೆಯ 306ನೇ ಕಲಂ ಅವರಿಗೆ ಕೊಟ್ಟಿದೆ. ಆ ಕಲಂ ಹೆಸರಿಸಿಯೇ ಬರೆಯಿರಿ, ಪ್ರಕಟಣೆಯ ಪ್ರತಿ ಲಗತ್ತಿಸಿ. "ಭ್ರಷ್ಟಾಚಾರ ನಡೆದಿದೆ" ಅಂತ ಪುಟಗಟ್ಟಲೆ ಬರೆದರೆ ಅದು ಟಪಾಲಿನಲ್ಲೇ ಸುತ್ತುತ್ತದೆ. "ಸರ್ವೆ ನಂಬರ್ ಇಲ್ಲ, ಚಕ್ಕುಬಂದಿ ಇಲ್ಲ, ಪೂರ್ವಾನುಮತಿ ಆದೇಶದ ಸಂಖ್ಯೆ ಇಲ್ಲ" ಅಂತ ಮೂರು ಸಾಲು ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ. ಮೊಹರು, ತಾರೀಖು ಇರುವ ಸ್ವೀಕೃತಿ ಪಡೆಯದೆ ಬರಬೇಡಿ.

ಇನ್ನೊಂದು, ಆರ್‌ಟಿಐ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾರಿದಿರಿ" ಅಂತ ಕೇಳಿದರೆ ಅದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ ಅಂತ ತಿರಸ್ಕರಿಸುತ್ತಾರೆ. "ಸದರಿ ಸ್ವತ್ತಿನ ವಿಲೇವಾರಿ ಕಡತದ ಟಿಪ್ಪಣಿ ಹಾಳೆ ಸಹಿತ ದೃಢೀಕೃತ ನಕಲು, ಮತ್ತು ಕಡತ ವೀಕ್ಷಣೆಗೆ ಅವಕಾಶ" ಅಂತ ಬರೆಯಿರಿ. ಅಸಲು ವಿಷಯ ಇರುವುದೇ ಟಿಪ್ಪಣಿ ಹಾಳೆಯಲ್ಲಿ: ಯಾರು ಬೆಲೆ ಸೂಚಿಸಿದರು, ಯಾರು ಆಕ್ಷೇಪಿಸಿದರು, ಯಾರು ಆ ಆಕ್ಷೇಪವನ್ನು ದಾಟಿ ಸಹಿ ಹಾಕಿದರು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಆರ್‌ಟಿಐ ಕಾಯ್ದೆಯ ಕಲಂ 19(1)ರಡಿ ಮೊದಲ ಮೇಲ್ಮನವಿ.

ಉತ್ತರ (ನಿವೃತ್ತ ಕಂದಾಯ ಅಧಿಕಾರಿ):
ಬೆಲೆ ಬಗ್ಗೆ ನಾನು ಸೇರಿಸುತ್ತೇನೆ. 60×80 ಅಂದರೆ 4,800 ಚದರ ಅಡಿ. ಉದಾಹರಣೆಗೆ ಮಾರ್ಗಸೂಚಿ ದರ (ನೋಂದಣಿಗಾಗಿ ಸರ್ಕಾರ ನಿಗದಿ ಮಾಡಿದ ದರ) ಚದರ ಅಡಿಗೆ 2,000 ರೂಪಾಯಿ ಇದ್ದರೆ 96 ಲಕ್ಷ. ಆದರೆ ಮಾರ್ಗಸೂಚಿ ಪಟ್ಟಿಯಲ್ಲಿ ಒಂದೇ ರಸ್ತೆಯ ಮುಂಭಾಗಕ್ಕೆ ಒಂದು ದರ, ಒಳಭಾಗಕ್ಕೆ ಇನ್ನೊಂದು ಇರುತ್ತದೆ. ಮುಖ್ಯರಸ್ತೆ ಜಾಗವನ್ನು ಹಿಂದಿನ ಅಡ್ಡರಸ್ತೆಯ ಸಾಲಿಗೆ ಸೇರಿಸಿಬಿಟ್ಟರೆ ಆರಂಭಿಕ ಬೆಲೆ ಸದ್ದಿಲ್ಲದೆ ಕುಸಿಯುತ್ತದೆ. ವಾಣಿಜ್ಯ ಜಾಗಕ್ಕೆ, ಮೂಲೆ ನಿವೇಶನಕ್ಕೆ ಸೇರಿಸಬೇಕಾದ ಹೆಚ್ಚುವರಿ ಶೇಕಡಾವಾರು ಬಿಟ್ಟಿದ್ದಾರಾ ಅಂತಲೂ ನೋಡಿ. ದರಪಟ್ಟಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ.

ಹರಾಜು ನಡೆದೇಬಿಟ್ಟರೆ, ಬಿಡ್‌ದಾರರು ಮೂವರೇ ಇದ್ದು, ಸವಾಲು ಆರಂಭಿಕ ಬೆಲೆಯಿಂದ ಸಾವಿರ ರೂಪಾಯಿ ಮೇಲೇರಿ ನಿಂತಿದ್ದರೆ ಮೂವರ ಇಡಗಂಟಿನ (ಹರಾಜಿಗೆ ಮುನ್ನ ಕಟ್ಟುವ ಠೇವಣಿ) ಡಿ.ಡಿ. ವಿವರ ಕೇಳಿ. ಒಂದೇ ಬ್ಯಾಂಕ್ ಶಾಖೆ, ಒಂದೇ ದಿನ, ಸಾಲಾಗಿ ಬರುವ ಡಿ.ಡಿ. ಸಂಖ್ಯೆಗಳು ಕಂಡರೆ ಮರುಹರಾಜು ಕೇಳುವುದಕ್ಕೆ ಬಲವಾದ ಆಧಾರ ಅದೇ.

ಪ್ರಶ್ನೆ (ತುಮಕೂರಿನ ಸದಸ್ಯರು):
ನಮ್ಮ ಪಾಲಿಕೆಗೂ ಇದೇನಾ ಸಾರ್? ಕೆಟಿಪಿಪಿ ಕಾಯ್ದೆ (ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆ) ಉಲ್ಲಂಘನೆ ಅಂತ ಹಾಕಬಹುದಾ?

ಉತ್ತರ (ವಕೀಲರು):
ಪಾಲಿಕೆಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ, ಕಲಂ 176. ಕೆಟಿಪಿಪಿ ಹಾಕಬೇಡಿ, ಅದು ಸರ್ಕಾರ ಕೊಳ್ಳುವುದಕ್ಕೆ, ಕಾಮಗಾರಿಗೆ ಇರುವ ಕಾಯ್ದೆ, ಮಾರುವುದಕ್ಕಲ್ಲ. ತಪ್ಪು ಕಾಯ್ದೆ ಹೆಸರಿಸಿದರೆ ಅದೊಂದನ್ನೇ ಹಿಡಿದು ಅರ್ಜಿ ಮುಗಿಸುತ್ತಾರೆ.

ಚಿಕ್ಕಬಳ್ಳಾಪುರದವರಿಗೆ ಇನ್ನೊಂದು ಮಾತು: ಕ್ರಯಪತ್ರ ನೋಂದಣಿ ಆಗುವ ಮೊದಲೇ ಹೆಜ್ಜೆ ಇಡಿ. ನಿಮ್ಮ ತಕರಾರು ಅರ್ಜಿ ಒಂದನ್ನೇ ನೋಡಿ ಉಪನೋಂದಣಾಧಿಕಾರಿ ನೋಂದಣಿ ನಿಲ್ಲಿಸುವುದಿಲ್ಲ, ನ್ಯಾಯಾಲಯದ ತಡೆಯಾಜ್ಞೆ ಬೇಕು. ಜಿಲ್ಲಾಧಿಕಾರಿಗಳು ಸ್ಪಂದಿಸದಿದ್ದರೆ ಆ ಸ್ವೀಕೃತಿ ಪ್ರತಿ ಇಟ್ಟುಕೊಂಡೇ ಹೈಕೋರ್ಟಿನ ಬೆಂಗಳೂರು ಪೀಠದಲ್ಲಿ ರಿಟ್ ಹಾಕಬೇಕಾಗುತ್ತದೆ. ಹರಾಜಿನ ಹಿಂದಿನ ದಿನದವರೆಗೆ ಕಾಯಬೇಡಿ, ನಾಳೆಯೇ ಆಕ್ಷೇಪಣೆ ಕೊಡಿ.