ಆದಾಯ ತೆರಿಗೆ ಹೋಗಿ ಮಾರಾಟ ತೆರಿಗೆಯೊಂದೇ ಉಳಿಯುವುದೇ? ಬಳ್ಳಾರಿ ತೆರಿಗೆ ಗುಂಪಿನ ಪ್ರಶ್ನೋತ್ತರ

ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿ: ಮೇಡಂ, ನಮಸ್ಕಾರ. ಅಮೆರಿಕದಲ್ಲಿ ಆದಾಯ ತೆರಿಗೆಯನ್ನು ತೆಗೆದು ಶೇ. 23ರ ಮಾರಾಟ ತೆರಿಗೆಯೊಂದನ್ನೇ ಇಟ್ಟಿದ್ದಾರೆ, ನಮ್ಮಲ್ಲಿಯೂ 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ ರದ್ದಾಗಿದೆ ಎಂಬ ಸಂದೇಶ ಮೂರು ಗುಂಪುಗಳಲ್ಲಿ ಬಂದಿದೆ. ಇದು ನಿಜವೇ?

ತೆರಿಗೆ ಸಲಹೆಗಾರ್ತಿ: ನಮಸ್ಕಾರ. ಅಮೆರಿಕದಲ್ಲಿ 'ಫೇರ್ ಟ್ಯಾಕ್ಸ್' ಹೆಸರಿನ ಮಸೂದೆ 1999ರಿಂದ ಮತ್ತೆ ಮತ್ತೆ ಮಂಡನೆಯಾಗಿದೆ, ಒಮ್ಮೆಯೂ ಅಂಗೀಕಾರವಾಗಿಲ್ಲ. ಅದರ ಶೇ. 23ರ ಲೆಕ್ಕವನ್ನೂ ತಿಳಿದುಕೊಳ್ಳಿ. ಗಿರಾಕಿ ಕೊಡುವ 100ರಲ್ಲಿ 23 ತೆರಿಗೆ, 77 ಸರಕಿನ ಬೆಲೆ. ನಾವು ಜಿಎಸ್‌ಟಿಯನ್ನು ಬೆಲೆಯ ಮೇಲೆ ಲೆಕ್ಕ ಹಾಕುವಂತೆ ಹಾಕಿದರೆ ಅದು ಸುಮಾರು ಶೇ. 30 ಆಗುತ್ತದೆ. ಇನ್ನು ನಮ್ಮಲ್ಲಿ ರದ್ದಾದದ್ದು 1961ರ ಕಾಯ್ದೆ. ಅದೇ ದಿನ ಅದರ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. ಆದಾಯ ತೆರಿಗೆ ಹಾಗೆಯೇ ಇದೆ. ದಯವಿಟ್ಟು ಈ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.

ಕೌಲ್ ಬಜಾರಿನ ಹೊಲಿಗೆ ಘಟಕದವರು: ಮೇಡಂ, ನಾನು ಆ ಸಂದೇಶವನ್ನು ನಂಬಿ ಈ ಸಲ ರಿಟರ್ನ್ ಹಾಕಲಿಲ್ಲ. ಕಳೆದ ವರ್ಷ ಜೀನ್ಸ್ ಪ್ಯಾಂಟುಗಳ ಕೂಲಿ ಹೊಲಿಗೆಯಿಂದ 18 ಲಕ್ಷ ಬಂದಿತ್ತು. ಖರ್ಚು ಕಳೆದು ಸುಮಾರು 6 ಲಕ್ಷ ಉಳಿದಿದೆ. ಕೆಲಸ ಕೊಟ್ಟವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದಾರೆ. ಇನ್ನು ಮುಂದೆ ನಗದಿನಲ್ಲಿಯೇ ಕೂಲಿ ಪಡೆಯಿರಿ ಎಂದೂ ಆ ಸಂದೇಶದಲ್ಲಿತ್ತು. ನಾನೇನು ಮಾಡಲಿ?

ತೆರಿಗೆ ಸಲಹೆಗಾರ್ತಿ: ನಿಮ್ಮ ಮಾತು ಓದಿ ಆತಂಕವಾಯಿತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. 2025-26ರಲ್ಲಿ ನೀವು ಗಳಿಸಿದ್ದು ಹಳೆಯ, ಅಂದರೆ 1961ರ ಕಾಯ್ದೆಗೇ ಒಳಪಡುತ್ತದೆ; ಆ ಕಾಯ್ದೆ ರದ್ದಾದ ಮಾತ್ರಕ್ಕೆ ಆ ವರ್ಷದ ಹೊಣೆ ಕಳೆಯುವುದಿಲ್ಲ. ಆ ಹಳೆಯ ಕಾಯ್ದೆಯಲ್ಲಿಯೇ ಇರುವ 'ಹೊಸ ತೆರಿಗೆ ಪದ್ಧತಿ'ಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಸಿಗುವುದರಿಂದ ನೀವು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ಆದಾಯ 4 ಲಕ್ಷ ದಾಟಿರುವುದರಿಂದ ರಿಟರ್ನ್ ಹಾಕಲೇಬೇಕು. ಶೇ. 1ರಂತೆ ಹಿಡಿದಿದ್ದರೆ ನಿಮ್ಮ 18,000 ರೂಪಾಯಿ ಸರ್ಕಾರದ ಬಳಿ ಇದೆ, ಮತ್ತು ರಿಟರ್ನ್ ಹಾಕಿದರೆ ಮಾತ್ರ ಅದು ನಿಮಗೆ ಮರಳುತ್ತದೆ. ಗಡುವು ಮೀರಿದ್ದರೂ ಡಿಸೆಂಬರ್ 31ರೊಳಗೆ 5,000 ರೂಪಾಯಿ ವಿಳಂಬ ಶುಲ್ಕದೊಂದಿಗೆ ಹಾಕಬಹುದು. ಆ ದಿನವೂ ದಾಟಿದರೆ ಮುಂದೆ ಹಾಕುವ ನವೀಕೃತ (ಅಪ್‌ಡೇಟೆಡ್) ರಿಟರ್ನಿನಲ್ಲಿ ಮರುಪಾವತಿ ಕೇಳಲು ಬರುವುದಿಲ್ಲ. ತೆರಿಗೆಯೇ ಇಲ್ಲದ ಮನುಷ್ಯನ ಕೈಯಿಂದ 18,000 ರೂಪಾಯಿ ಕಸಿದುಕೊಳ್ಳುವ ಸಂದೇಶವಿದು. ನಗದಿನ ಮಾತನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ನಾಳೆ ಹೊಸ ಹೊಲಿಗೆ ಯಂತ್ರಗಳಿಗೆ ಸಾಲ ಕೇಳಿದರೆ ಬ್ಯಾಂಕಿನವರು ಮೊದಲು ಕೇಳುವುದೇ ಹಿಂದಿನ ವರ್ಷಗಳ ರಿಟರ್ನ್.

ತೋರಣಗಲ್ಲಿನ ಗುತ್ತಿಗೆ ನೌಕರ: ಹಾಗಾದರೆ ಆದಾಯ ತೆರಿಗೆ ರದ್ದಾಗಿಲ್ಲವೇ?

ತೆರಿಗೆ ಸಲಹೆಗಾರ್ತಿ: ಆಗಿಲ್ಲ. ಮೇಲೆ ಬರೆದಿದ್ದೇನೆ.

ನಿವೃತ್ತ ಶಿಕ್ಷಕರು: ರದ್ದಾಗದಿರಲಿ, ಮಾಡಿದರೆ ಒಳ್ಳೆಯದಲ್ಲವೇ ಎಂಬುದು ನನ್ನ ಪ್ರಶ್ನೆ. ಸಂಬಳದವರು ಮಾತ್ರ ಕಟ್ಟುವುದು ತಪ್ಪಿ ಎಲ್ಲರೂ ಕಟ್ಟುವಂತಾಗುತ್ತದೆ.

ತೆರಿಗೆ ಸಲಹೆಗಾರ್ತಿ: ಗುರುಗಳೇ, 2025-26ರ ಕೇಂದ್ರ ಬಜೆಟ್ಟಿನಲ್ಲಿ ಬರುವ ಪ್ರತಿ ರೂಪಾಯಿಯಲ್ಲಿ 22 ಪೈಸೆ ಆದಾಯ ತೆರಿಗೆಯದು, 18 ಪೈಸೆ ಜಿಎಸ್‌ಟಿ ಮತ್ತು ಇತರ ತೆರಿಗೆಗಳದು. ಮೊದಲನೆಯದನ್ನು ತೆಗೆದರೆ ಆ 18 ಪೈಸೆಯೇ 40 ಆಗಬೇಕು. ಕೌಲ್ ಬಜಾರಿನಲ್ಲಿ ತಿಂಗಳಿಗೆ 15,000 ದುಡಿಯುವ ಹೊಲಿಗೆಯ ಹೆಣ್ಣುಮಗಳು ಇಂದು ಆದಾಯ ತೆರಿಗೆ ಕಟ್ಟುವುದಿಲ್ಲ. ಅವಳು ದುಡಿದದ್ದೆಲ್ಲ ತಿಂಗಳ ಕೊನೆಗೆ ಖರ್ಚಾಗುತ್ತದೆ, ಆದ್ದರಿಂದ ಮಾರಾಟ ತೆರಿಗೆ ಅವಳ ಇಡೀ ಗಳಿಕೆಯನ್ನು ಮುಟ್ಟುತ್ತದೆ. ತಿಂಗಳಿಗೆ ಐದು ಲಕ್ಷ ಗಳಿಸಿ ಮೂರು ಲಕ್ಷ ಉಳಿಸುವವರ ಎರಡು ಲಕ್ಷವನ್ನಷ್ಟೇ ಮುಟ್ಟುತ್ತದೆ. ಇದೇ ಕಾರಣಕ್ಕೆ ಅಮೆರಿಕದ ಮಸೂದೆಯಲ್ಲಿಯೂ ಪ್ರತಿ ಕುಟುಂಬಕ್ಕೆ ತಿಂಗಳು ತಿಂಗಳು ಮುಂಗಡವಾಗಿ ಹಣ ಕೊಡುವ ಏರ್ಪಾಡು ಸೇರಿಸಿದ್ದಾರೆ. ಇನ್ನೊಂದು ಮಾತು: ನೀವು ಸೇವೆಯಲ್ಲಿದ್ದಾಗ ತೆರಿಗೆ ಕಟ್ಟಿ ಉಳಿಸಿಟ್ಟ ಹಣವನ್ನು ಈಗ ಖರ್ಚು ಮಾಡುವಾಗ ಎರಡನೆಯ ಸಲ ತೆರಿಗೆ ಕಟ್ಟಬೇಕಾಗುತ್ತದೆ.

ತೋರಣಗಲ್ಲಿನ ಗುತ್ತಿಗೆ ನೌಕರ: ಪೆಟ್ರೋಲ್, ಡೀಸೆಲ್ ಕೂಡ ಅದರಲ್ಲಿ ಸೇರುತ್ತವೆಯೇ?

ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿ: ಗುರುಗಳು ಹೇಳಿದ್ದರಲ್ಲಿ ಸತ್ಯವಿದೆ. ನೂರು ಎಕರೆ ಇದ್ದವರೂ ಕೃಷಿ ಆದಾಯವೆಂದು ಒಂದು ರೂಪಾಯಿ ಕಟ್ಟುವುದಿಲ್ಲ.

ಸಿರುಗುಪ್ಪದ ಭತ್ತದ ರೈತ: ಮಾತು ಅಳೆದು ಆಡಿ. ಗೊಬ್ಬರಕ್ಕೆ, ಕ್ರಿಮಿನಾಶಕಕ್ಕೆ, ಟ್ರ್ಯಾಕ್ಟರಿಗೆ ಜಿಎಸ್‌ಟಿ ಕಟ್ಟುವವರು ಯಾರು? ನೀವು ಖರೀದಿಯ ಮೇಲೆ ಕಟ್ಟಿದ್ದನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳುತ್ತೀರಿ, ನಮಗೆ ಆ ದಾರಿ ಇಲ್ಲ.

ಬ್ರೂಸ್‌ಪೇಟೆಯ ಬಟ್ಟೆ ವ್ಯಾಪಾರಿ: ಗೊಬ್ಬರಕ್ಕೆ ಸರ್ಕಾರ ಕೊಡುವ ಸಹಾಯಧನವನ್ನು ಮರೆತಿರಾ?

ಸಿರುಗುಪ್ಪದ ಭತ್ತದ ರೈತ: ಕಾಲುವೆಗೆ ನೀರು ಬಾರದ ವರ್ಷ ನಿಮ್ಮ ಅಂಗಡಿ ಬಾಗಿಲು ಹಾಕಿತ್ತೇ? ಒಂದು ಬೆಳೆ ಹಾಕಿ ನೋಡಿ, ಆಮೇಲೆ ಲೆಕ್ಕ ಹೇಳಿ.

ನಿವೃತ್ತ ಶಿಕ್ಷಕರು: ಇಬ್ಬರೂ ನಿಲ್ಲಿಸಿರಿ. ಸಲಹೆಗಾರರು ಹೇಳಲಿ.

ತೆರಿಗೆ ಸಲಹೆಗಾರ್ತಿ: ಸಂವಿಧಾನದ ಕೇಂದ್ರ ಪಟ್ಟಿಯ 82ನೆಯ ನಮೂದು ಕೃಷಿಯೇತರ ಆದಾಯದ ಮೇಲಿನ ತೆರಿಗೆಯನ್ನು ಕೇಂದ್ರಕ್ಕೆ ಕೊಟ್ಟಿದೆ, ರಾಜ್ಯ ಪಟ್ಟಿಯ 46ನೆಯದು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿದೆ. ಕಾನೂನು ಇಷ್ಟು. ಉಳಿದ ಜಗಳ ನಿಮ್ಮದು.

ತೋರಣಗಲ್ಲಿನ ಗುತ್ತಿಗೆ ನೌಕರ: ಪೆಟ್ರೋಲಿನ ಬಗ್ಗೆ ಕೇಳಿದ್ದೆ.

ಕಂಪ್ಲಿಯ ಸದಸ್ಯ: ಎಲ್ಲರ ಗಮನಕ್ಕೆ: ಏಪ್ರಿಲ್ 1ರಿಂದ ಆದಾಯ ತೆರಿಗೆ ರದ್ದು! ರಿಟರ್ನ್ ಹಾಕಬೇಡಿ! ಹತ್ತು ಜನರಿಗೆ ಕಳುಹಿಸಿ!

ತೆರಿಗೆ ಸಲಹೆಗಾರ್ತಿ: ಓದದೆ ಹಂಚುವವರಿಗೆ ನಾನು ಇನ್ನು ಉತ್ತರಿಸುವುದಿಲ್ಲ. ಮೇಲೆ ಒಬ್ಬರು ಇದನ್ನೇ ನಂಬಿ ಕಷ್ಟಕ್ಕೆ ಸಿಕ್ಕಿದ್ದಾರೆ. ಅಳಿಸಿ.

ಕಂಪ್ಲಿಯ ಸದಸ್ಯ: ಬಂದದ್ದನ್ನು ಕಳುಹಿಸಿದೆ, ಇಷ್ಟು ಸಿಟ್ಟು ಏಕೆ?

ಕೌಲ್ ಬಜಾರಿನ ಹೊಲಿಗೆ ಘಟಕದವರು: ಮೇಡಂ, ಶನಿವಾರ ಪಾಸ್‌ಬುಕ್ ತೆಗೆದುಕೊಂಡು ಬರಲೇ?

ತೆರಿಗೆ ಸಲಹೆಗಾರ್ತಿ: ಶನಿವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಬನ್ನಿ. ಪ್ಯಾನ್, ಆಧಾರ್, ಪಾಸ್‌ಬುಕ್ ಇರಲಿ. ಟಿಡಿಎಸ್ ಎಷ್ಟು ಜಮೆಯಾಗಿದೆ ಎಂಬುದನ್ನು ತೆರಿಗೆ ಜಮೆಯ ವಿವರವಿರುವ 26ಎಎಸ್ ನಮೂನೆಯಲ್ಲಿ ಇಲ್ಲಿಯೇ ನೋಡೋಣ.