ಹಳೇ ಸ್ಕೀ ಬೈಂಡಿಂಗ್ ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ನಗಬೇಡಿ, ಸಹಾಯ ಬೇಕಿರುವುದು ಸ್ಕೀ ವಿಷಯಕ್ಕೇ! ತಮ್ಮ ಜನವರಿಯಲ್ಲಿ ಉತ್ತರಾಖಂಡದ ಔಲಿಗೆ ಸ್ಕೀ ಕಲಿಯಲು ಹೊರಟಿದ್ದಾನೆ. ಪರಿಚಯದವರೊಬ್ಬರು ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗ) ಸಮೇತ ಹಳೇ ಸ್ಕೀ ಕೊಡುತ್ತಾರಂತೆ. ರೇಟು ಕಡಿಮೆಯೇ. ಆದರೆ ಬಿದ್ದಾಗ ಬೂಟನ್ನು ಬಿಡಬೇಕಾದ್ದು ಇದೇ ಬೈಂಡಿಂಗ್ ಅಲ್ವಾ? ಬಿಡದಿದ್ದರೆ ಕಾಲು ಮುರಿಯಬಹುದು, ಸುಮ್ಸುಮ್ನೆ ಬಿಟ್ಟರೂ ಅಪಾಯ.

ಎಷ್ಟು ಬಲ ಬಿದ್ದರೆ ಬೂಟು ಬಿಡಬೇಕು ಅಂತ ಇಡುವ ಸ್ಕೇಲು ಫೋಟೊದಲ್ಲಿ 3ರಿಂದ 10, ಗುರುತು 8ಕ್ಕೆ ನಿಂತಿದೆ. ಅದು ಸ್ಕೀ ಕೊಡುವವರ ಲೆಕ್ಕ, ತಮ್ಮನದಲ್ಲ. ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಆಡುವ ರೀತಿ ನೋಡಿ ಇದನ್ನು ಇಡಬೇಕು. ಸ್ಕ್ರೂಡ್ರೈವರ್ ಹಿಡಿದು ನಾವೇ ತಿರುಗಿಸುವ ಯೋಚನೆ ಇಲ್ಲ. ಬೂಟಿನ ಮುಂದಿನ ತುದಿ ಕೂರುವ ಕಡೆ ಬಿಳಿ ಪ್ಲಾಸ್ಟಿಕ್ ಪಟ್ಟಿ ಅಂಚಿನಲ್ಲಿ ಸೀಳಿದೆ. ಅದೊಂದೇ ಬದಲಾಯಿಸಲು ಸಿಗುತ್ತದಾ, ಇಲ್ಲಾ ಕೈಬಿಡುವುದೇ ವಾಸಿನಾ?

ಬೈಂಡಿಂಗ್ ಸರಿಯಾಗಿ ಬಿಡುತ್ತದಾ ಅಂತ ಮೆಷಿನ್‌ನಲ್ಲಿ ಟೆಸ್ಟ್ ಮಾಡಿಕೊಡುವವರು ಬೆಂಗಳೂರಲ್ಲೋ ದೆಹಲಿಯಲ್ಲೋ ಇದ್ದಾರಾ? ಕಂಪನಿ ಈಗಲೂ ಹೊಣೆ ಹೊರುವ ಬೈಂಡಿಂಗ್‌ಗಳ ಪಟ್ಟಿಯಲ್ಲಿ ತುಂಬಾ ಹಳೇ ಮಾಡೆಲ್ ಇಲ್ಲದಿದ್ದರೆ ಒಳ್ಳೇ ಅಂಗಡಿಯವರು ಮುಟ್ಟುವುದಿಲ್ಲ. ಹಾಗಾಗಿ ಮೊದಲು ಮಾಡೆಲ್ ಹೆಸರು ಕೇಳಿದ್ದೇನೆ.

ಇನ್ನು ಇಡುವ ಜಾಗ. ಮೇಲಿನ ರೂಮು ತಗಡಿನ ಶೀಟು, ಬೇಸಿಗೆಯಲ್ಲಿ ಕಾದ ಹಂಚು. ಕೆಳಗೆ ಮಂಚದಡಿ ಇಡೋಣ ಅಂತಿದ್ದೇನೆ. ನಮ್ಮೂರ ಕೆಂಧೂಳು ಮೆತ್ತಿದರೆ ಏನು ಹಾಕಿ ಒರೆಸಬೇಕು? ಸ್ಪ್ರೇ ಹೊಡೆದರೆ ಒಳಗಿನ ಗ್ರೀಸು ಕರಗುತ್ತದೆ ಅಂತಾರೆ.

ಅವರಿಗೆ ಶನಿವಾರದೊಳಗೆ ಉತ್ತರ ಕೊಡಬೇಕು. ಬಲ್ಲವರು ದಯವಿಟ್ಟು ಬರೆಯಿರಿ, ಫೋಟೊ ಕಳಿಸುತ್ತೇನೆ.