ಕನ್ವರ್ಟರ್ ರಿಪೇರಿಗೆ ಕೊಡಾಂವಿದ್ದೇನಿ, ಸ್ಟಾಲ್ ಎಷ್ಟಕ್ಕ ಇಡಸ್ಲಿ?

ನವನಗರದಾಂವ:
ನಮಸ್ಕಾರ್ರಿ ಎಲ್ಲಾರಿಗೂ. ನಂದು 1.5 ಲೀಟರ್ ಪೆಟ್ರೋಲ್ ಸೆಡಾನ್, 5 ಗೇರಿನ ಆಟೋಮ್ಯಾಟಿಕ್. ಸಿವಿಟಿ (ಬೆಲ್ಟಿನ ಆಟೋಮ್ಯಾಟಿಕ್) ಅಲ್ಲ, ಟಾರ್ಕ್ ಕನ್ವರ್ಟರ್ ಇದ್ದದ್ದು, ಅಂದ್ರ ಎಂಜಿನ್ನಿನ ಜೋರನ್ನ ಎಣ್ಣಿ ಮೂಲಕ ಗೇರಿಗೆ ದಾಟಸೂದು. ಇತ್ತಿತ್ತಲಾಗ ಸಿಗ್ನಲ್ ಬಿಟ್ಟಕೂಡ್ಲೆ ಗಾಡಿ ಏಳವಲ್ದು. ಉಣಕಲ್ ಕ್ರಾಸಿನ್ಯಾಗ ಬಾಜೂಕ ಚಿಗರಿ ಬಸ್ ಸುಂಯ್ ಅಂತ ಹೋಗಿಬಿಡ್ತೈತಿ, ನಾ ಆಕ್ಸಿಲರೇಟರ್ ತುಳಕೊಂಡು ಕುಂತಿರ್ತೇನಿ. 60 ದಾಟಿದ ಮ್ಯಾಲ ಛಲೋನ ಓಡ್ತೈತಿ.

ಕನ್ವರ್ಟರ್ ಇಳಿಸಿ ರಿಪೇರಿ ಮಾಡಸ್ಬೇಕು ಅಂತ ಮಾಡೇನಿ. ಗೆಳೆಯಾ ಒಬ್ಬಾಂವ "ಹೆಂಗೂ ಬಿಚ್ಚಸ್ತಿ, ಸ್ಟಾಲ್ (ಗಾಡಿ ಬ್ರೇಕಿನ್ಯಾಗ ನಿಂತಾಗ ಎಂಜಿನ್ ಏರೂ ಮಿತಿ) 2800 ಆರ್‌ಪಿಎಂಗೆ ಏರಿಸಿಬಿಡು, ನಿನ್ನ ಎಂಜಿನ್ನಿಗೆ ಪೂರಾ ಟಾರ್ಕ್ ಬರೂದ 4800ಕ್ಕ" ಅಂತಾನ. ದಿನಾ ಹುಬ್ಬಳ್ಳಿ-ಧಾರವಾಡ, ಆಗಾಗ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳದು ಅಂಕೋಲಾಕ್ಕ ಹೋಗೂದಿರ್ತೈತಿ. ಏನ್ ಮಾಡ್ಲಿ?

ಗದಗಿನ ಗೇರು:
2800 ಇಡಸು ದೋಸ್ತ, ವಿಚಾರ ಮಾಡಬ್ಯಾಡ. ಎಂಜಿನ್ ಲಗೂನ ಪವರಿಗೆ ಬರ್ತೈತಿ. ನನ್ನ ಡ್ರ್ಯಾಗ್ ರೇಸ್ ಗಾಡ್ಯಾಗ ಇನ್ನೂ ಮ್ಯಾಲ ಇಟ್ಟೇನಿ, ಬಿಟ್ಟಕೂಡ್ಲೆ ಹೆಂಗ ಜಿಗೀತೈತಿ ನೋಡಬೇಕು ನೀ.

ಗೋಕುಲ ರೋಡ್ ಕಾಕಾ:
ಗದಗಿನ ತಮ್ಮ ಹೇಳಿದ್ದು ಡ್ರ್ಯಾಗ್ ಗಾಡಿಗೆ ಖರೆ ಐತಿ. ದಿನಾ ಆಫೀಸಿಗೆ ಹೋಗೂ ಗಾಡಿಗೆ ಅಲ್ಲ.

2800 ಅನ್ನೂದು ಕನ್ವರ್ಟರ್ ಮ್ಯಾಲ ಕೆತ್ತಿದ ನಂಬರ್ ಅಲ್ಲೋ ತಮ್ಮಾ. ಬ್ರೇಕ್ ಒತ್ತಿ ಹಿಡದು, ಡಿ ಗೆ ಹಾಕಿ ಪೂರಾ ತುಳದ್ರ ಎಂಜಿನ್ ಎಷ್ಟಕ್ಕ ಹೋಗಿ ನಿಲ್ತೈತೋ ಅದ ಸ್ಟಾಲ್. ಎಂಜಿನ್ ಬದಲಾದ್ರ ಅದೂ ಬದಲಾತು. ಕನ್ವರ್ಟರ್ ತಡಕೊಳ್ಳೂ ಟಾರ್ಕು ಆರ್‌ಪಿಎಂನ ವರ್ಗದ ಲೆಕ್ಕದಾಗ ಏರ್ತೈತಿ, ಅಂದ್ರ ಆರ್‌ಪಿಎಂ ಎರಡು ಪಟ್ಟಾದ್ರ ಟಾರ್ಕು ನಾಕು ಪಟ್ಟು. ಅದ ಕನ್ವರ್ಟರನ್ನ ನಾಕನೇ ಒಂದು ಪಾಲು ಟಾರ್ಕಿನ ಎಂಜಿನ್ನಿಗೆ ಹಾಕಿದ್ರ ಸ್ಟಾಲ್ ಅರ್ಧಕ್ಕ ಇಳೀತೈತಿ. ದೊಡ್ಡ ವಿ8 ಎಂಜಿನ್ನಿಗೆ 2800 ಅಂತ ಮಾರೂ ಮಾಲು ನಿನ್ನ 1.5ಕ್ಕ 1400ರ ಆಜೂಬಾಜೂ ನಿಂತೀತು. ನಂಬರ್ ಹೇಳಾಂವಗ "ಯಾವ ಎಂಜಿನ್ನಿಗೆ?" ಅಂತ ಮೊದಲ ಕೇಳು.

ಸ್ಟಾಲ್ ಏರಿಸೂದು ಅಂದ್ರ ಸಣ್ಣ ಸೈಜಿನ ಕನ್ವರ್ಟರ್ ಹಾಕೂದು, ಇಲ್ಲಾ ಒಳಗಿನ ಎಲಿಗಳ ಕೋನ ಬದಲ್ ಮಾಡೂದು. ಹೆಂಗ ಮಾಡಿದ್ರೂ ಜಾರಿಕಿ ಹೆಚ್ಚು, ಬಿಸಿ ಹೆಚ್ಚು. 2400 ಆರ್‌ಪಿಎಂಗೆ 120 ನ್ಯೂಟನ್ ಮೀಟರ್ ಅಂತ ಹಿಡಿ, 30 ಕಿಲೋವ್ಯಾಟ್ ಆತು. ಗಾಡಿ ನಿಂತಲ್ಲೇ ನಿಂತ್ರ ಅಷ್ಟೂ ಎಣ್ಣಿಗೆ ಹೋಗ್ತೈತಿ, ನೀರು ಕಾಸೂ 1 ಕಿಲೋವ್ಯಾಟಿನ ಕಾಯಿಲ್ 30 ಒಮ್ಮೆಲೆ ಹಚ್ಚಿದಂಗ. ಅರಬೈಲ್ ಇಳಿಯೂದು ಬಿಡು, ವಾಪಸ್ ಬರೂವಾಗ ಲೋಡ್ ಲಾರಿ ಹಿಂದ ಸಿಕ್ಕೊಂಡು ಏರ್ತಿಯಲ್ಲ, ಅಲ್ಲಿ ಲಾಕ್-ಅಪ್ ಕ್ಲಚ್ (ಜಾರಿಕಿ ಇಲ್ಲದಂಗ ಎಂಜಿನ್ನು ಗೇರು ನೇರ ಜೋಡಸೂದು) ಹಿಡಿಯೂದ ಇಲ್ಲ. ಇಡೀ ಘಾಟ್ ಜಾರಿಕಿನ್ಯಾಗ.

ಇನ್ನ ನಿನ್ನ ಗಾಡಿ ಸುದ್ದಿ. ಕನ್ವರ್ಟರ್ ಒಳಗ ಪಂಪಿಗೂ (ಎಂಜಿನ್ ಕಡೆ ಚಕ್ರ) ಟರ್ಬೈನಿಗೂ (ಗೇರ್ ಕಡೆ ಚಕ್ರ) ನಡುವ ಸ್ಟೇಟರ್ ಅಂತ ಒಂದು ಸಣ್ಣ ಚಕ್ರ ಇರ್ತೈತಿ. ಗಾಡಿ ಏಳೂವಾಗ ಟಾರ್ಕ್ ಹತ್ತಿರ ಹತ್ತಿರ ಎರಡು ಪಟ್ಟು ಆಗೂದು ಅದರಿಂದ. ಅದು ಒಂದ ಕಡೆ ತಿರಗೂ ಕ್ಲಚ್ ಮ್ಯಾಲ ಕುಂತಿರ್ತೈತಿ. ಬೆಂಚಿನ ಮ್ಯಾಲ ಇಟ್ಟು ಬೆರಳು ಹಾಕಿ ಒಳಗಿನ ರೇಸ್ (ಆ ಕ್ಲಚ್ಚಿನ ಬಳಿ) ತಿರಗಿಸಿದ್ರ ಒಂದ್ ಕಡೆ ಸರಾಗ ಹೋಗ್ಬೇಕು, ಇನ್ನೊಂದ್ ಕಡೆ ಗಪ್ಪಂತ ಹಿಡೀಬೇಕು. ಎರಡೂ ಕಡೆ ತಿರಗಿದ್ರ ಅದರ ಕತಿ ಮುಗೀತು. ಏಳೂವಾಗ ಸತ್ತಂಗ, 60ರ ಮ್ಯಾಲ ಸರಿ ಅಂತಿಯಲ್ಲ, ನನ್ನ ಸಂಶೇ ಅದರ ಮ್ಯಾಲನ.

ಬಿಚ್ಚೂಕಿಂತ ಮೊದಲ ಸ್ಟಾಲ್ ಟೆಸ್ಟ್ ಮಾಡು. ಗೇರ್ ಎಣ್ಣಿ ಲೆವೆಲ್ ನೋಡು, ಗಾಡಿ ಬಿಸಿ ಆಗ್ಲಿ. ಚಕ್ರಕ್ಕ ಕಲ್ಲು ಕೊಡು, ಹ್ಯಾಂಡ್‌ಬ್ರೇಕ್ ಎಳಿ, ಮುಂದ ಹಿಂದ ಯಾರೂ ನಿಲ್ಲಬಾರ್ದು. ಎಡಗಾಲು ಬ್ರೇಕ್ ಮ್ಯಾಲ ಒತ್ತಿ ಹಿಡದು ಪೂರಾ ತುಳಿ. 5 ಸೆಕೆಂಡ್, ಅದರಕಿಂತ ಹೆಚ್ಚು ಬ್ಯಾಡ. ಆಮ್ಯಾಲ ನ್ಯೂಟ್ರಲ್ಲಿಗೆ ಹಾಕಿ ಎರಡು ನಿಮಿಷ ಹಂಗ ಬಿಡು, ಮತ್ತ ರಿವರ್ಸಿನ್ಯಾಗ ನೋಡು.

ಗದಗಿನ ಗೇರು:
ಎಣ್ಣಿ ತಂಪು ಮಾಡೂ ದೊಡ್ಡ ಕೂಲರ್ ಹಾಕಿದ್ರ ಬಿಸಿ ಸುದ್ದೀನ ಇಲ್ಲಲ್ಲ ಕಾಕಾ?

ಗೋಕುಲ ರೋಡ್ ಕಾಕಾ:
ಎಣ್ಣಿ ಬಿಸಿ ಇಳೀತೈತಿ. ಪೆಟ್ರೋಲ್ ಕುಡಿಯೂದು ಇಳಿಯಂಗಿಲ್ಲ.

ನವನಗರದಾಂವ:
ಟೆಸ್ಟ್ ಮಾಡಿದೆ ಕಾಕಾ. ಮ್ಯಾನ್ಯುವಲ್‌ನ್ಯಾಗ 2400 ಐತಿ. ನಂದು ಡಿ ದಾಗ 1700, ರಿವರ್ಸಿನ್ಯಾಗೂ ಅಷ್ಟ.

ಗೋಕುಲ ರೋಡ್ ಕಾಕಾ:
ಎರಡೂ ಕಡೆ ಕಡಿಮಿ ಅಂದ್ರ ಒಂದು ಎಂಜಿನ್ ಸೊರಗೈತಿ, ಇಲ್ಲಾ ಸ್ಟೇಟರ್ ಕ್ಲಚ್ ಜಾರಾಕತ್ತೈತಿ. ಗೇರ್ ಒಳಗಿನ ಕ್ಲಚ್ ಪ್ಲೇಟುಗಳು ಜಾರತಿದ್ರ ನಂಬರ್ 2400ರ ಮ್ಯಾಲ ಹೋಗ್ತಿತ್ತು. ಎಂಜಿನ್ ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ಒಮ್ಮೆ ನೋಡಸು. ಅದು ಸರಿ ಇತ್ತಂದ್ರ ಆಮ್ಯಾಲ ಕನ್ವರ್ಟರ್ ಇಳಸು.

ರಿಪೇರಿಯಾಂವಗ ಹೊಸಾ ಸ್ಟೇಟರ್ ಕ್ಲಚ್ ಮತ್ತ ಲಾಕ್-ಅಪ್ ಲೈನಿಂಗ್ ಹಾಕಾಕ ಹೇಳು. ವೆಲ್ಡ್ ಆದ ಮ್ಯಾಲ ಬ್ಯಾಲೆನ್ಸ್ ಮಾಡಸು, ಕನ್ವರ್ಟರಿನ ಹಬ್‌ಗೆ (ನಡುವಿನ ಕೊಳವಿ) ಡಯಲ್ ಗೇಜ್ (ಓರೆ ಅಳಿಯೂ ಮೀಟರ್) ಹಚ್ಚಿ ನಿನ್ನ ಮುಂದ ತಿರಗಿಸಿ ತೋರಸ್ಲಿ. ಕೂಲರ್ ಪೈಪ್ ತೊಳಸೂದು ಬಿಡಬ್ಯಾಡ, ಹಳೇ ಪುಡಿ ಎಲ್ಲಾ ಮತ್ತ ಒಳಗ ಬರ್ತೈತಿ. ಬಿಲ್ಲಿನ್ಯಾಗ "ಸ್ಟಾಲ್ ಕಂಪನಿ ಅಳತಿ, 2400" ಅಂತ ಬರಸ್ಕೋ.